ರೈತನಿಗೆ ಉಪಕಾರಿಯಾದ ಕಪ್ಪುರೆಕ್ಕೆಯ ಹದ್ದು

ಕೋಳಿಮರಿಗಳನ್ನು ಕೊಂಡೊಯ್ಯುವುದೆಂದು ಹದ್ದಿನ ಜಾತಿಯ ಹಕ್ಕಿಗಳನ್ನೆಲ್ಲ ಒಂದೇ ಸಮನಾಗಿ ದ್ವೇಷಿಸುವುದುಂಟು. ಆದರೆ ಇವುಗಳಲ್ಲಿ ಕಪ್ಪುರೆಕ್ಕೆಯ ಹದ್ದು ಬೆಳೆಗೆ ಕಾವಲುಗಾರನಂತಿರುವುದು. ಇದು ಸುಮಾರು ಕಾಗೆಯ ಗಾತ್ರದ್ದು. ಬೆನ್ನು ಬೂದುಬಣ್ಣ, ಹೊಟ್ಟೆ ಬಿಳುಪು, ಹೆಗಲಲ್ಲಿ ಕಪ್ಪು ಮಚ್ಚೆ, ಕಣ್ಣು ಕೆಂಪು. ಊರ ಹದ್ದಾದರೋ ಕಂದುಬಣ್ಣದ್ದು. ಅದರ ಬಾಲವು ಕವಲಾಗಿರುವುದು.

ಈ ಹಕ್ಕಿಯು ಹೊಲದ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಬೇಟೆಯು ಕಂಡೊಡನೆ ಕಾಲು ಚಾಚಿ ಕೆಳಗಿಳಿಯುವುದು. ಇಲಿಗಳೂ ಮಿಡತೆಗಳೂ ಇದರ ಆಹಾರ.

ವಿಷವುಂಡ ಇಲಿಯನ್ನು ತಿಂದ ಹಕ್ಕಿಗೂ ಅಪಾಯವುಂಟು. ಆದುದರಿಂದ ಸತ್ತ ಇಲಿಗಳನ್ನು ಆಗಿಂದಾಗ ಹೂಳತಕ್ಕದ್ದು. ಹೊಲದಂಚಿನ ಒಂಟಿ ಮರಗಳನ್ನು ಇದು ಕುಳಿತು ನೋಡುವುದಕ್ಕಾಗಿ ಉಳಿಸುವುದು ಲೇಸು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದನ್ನು ಕೊಲ್ಲುವುದು ಅಪರಾಧವೆಂಬುದನ್ನು ಗ್ರಾಮದ ಮುಖ್ಯಸ್ಥರು ಎಲ್ಲರಿಗೂ ತಿಳಿಯಪಡಿಸತಕ್ಕದ್ದು.