ಒಂದಕ್ಷರ ತಪ್ಪಿದರೂ ಅಪಾಯ!

ಸಾರು ಮಾಡುವಾಗಲೆಲ್ಲ ಯಾರೂ ಮೆಣಸು, ಕೊತ್ತಂಬರಿ ಹುರಿದು ಕುಟ್ಟುತ್ತ ಕೂರುವುದಿಲ್ಲ. ಒಮ್ಮೆ ಮಾಡಿಟ್ಟ ಪುಡಿ ಡಬ್ಬಿಯಲ್ಲಿರುತ್ತದೆ. ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರ ಕ್ರಮವೂ ಇದೇ. ಪದೇ ಪದೇ ಬೇಕಾಗುವ ಕೆಲಸಗಳಿಗೆ ಬೇರೆಯವರು ಬರೆದಿಟ್ಟ ಪ್ರೋಗ್ರಾಂಗಳ ಸಂಗ್ರಹವೇ ಲೈಬ್ರರಿ. ಅದರ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದರೆ ಅದು ಮುಕ್ತ ತಂತ್ರಾಂಶ.

ಶಾಲಾ ಕಾಲೇಜುಗಳಲ್ಲಿ ಕಲಿಸುವ ಪೈಥಾನ್ ಭಾಷೆಯ ಲೈಬ್ರರಿಗಳಿಗೆ ಅಂತರಜಾಲದಲ್ಲಿ ‘ಪೈಪಿಐ’ ಎಂಬ ಉಗ್ರಾಣ 2003ರಿಂದಲೂ ಇದೆ. ಲೈಬ್ರರಿ ಬರೆದವರು ಅದಕ್ಕೊಂದು ಹೆಸರು, ಆವೃತ್ತಿ ಸಂಖ್ಯೆ, ಅದಕ್ಕೆ ಬೇಕಾಗುವ ಇತರ ಲೈಬ್ರರಿಗಳ ಪಟ್ಟಿ ಸೇರಿಸಿ, ಪೊಟ್ಟಣ ಕಟ್ಟಿ ಅಲ್ಲಿಡುತ್ತಾರೆ. ಬಳಸುವವರು ‘ಪಿಪ್ ಇನ್‌ಸ್ಟಾಲ್’ ಎಂದು ಬರೆದು ಮುಂದೆ ಹೆಸರು ಸೇರಿಸಿದರೆ ಸಾಕು. ಕೇಳಿದ್ದೂ ಬರುತ್ತದೆ, ಅದು ಅವಲಂಬಿಸಿದ್ದೂ ಜೊತೆಗೇ ಬರುತ್ತದೆ.

ಪೊಟ್ಟಣಗಳಲ್ಲಿ ಎರಡು ಬಗೆ. ‘ವೀಲ್’ ಎಂಬುದು ಸಿದ್ಧಪುಡಿ. ಬಿಚ್ಚಿ ಸರಿಯಾದ ಜಾಗದಲ್ಲಿಟ್ಟರೆ ಮುಗಿಯಿತು. ಇನ್ನೊಂದು ಮೂಲ ಸಾಮಗ್ರಿ. ಕುಟ್ಟುವ ಕೆಲಸ ನಮ್ಮ ಯಂತ್ರದಲ್ಲೇ ನಡೆಯಬೇಕು. ಲೆಕ್ಕಾಚಾರಕ್ಕೆ ಬಳಸುವ ‘ನಮ್‌ಪೈ’ಯ ಕೆಲವು ಭಾಗಗಳು ಸಿ ಭಾಷೆಯಲ್ಲಿವೆ. ಅದನ್ನು ಮೂಲದಿಂದ ಕಟ್ಟಲು ಕಂಪೈಲರ್ ಬೇಕು. ಈ ಎರಡನೆಯ ಬಗೆಯಲ್ಲಿ, ಪೊಟ್ಟಣದೊಳಗಿನ ಸೂಚನೆಗಳನ್ನು ನಮ್ಮ ಯಂತ್ರ ಅನುಸ್ಥಾಪನೆಯ ಹೊತ್ತಿನಲ್ಲೇ ಪಾಲಿಸುತ್ತದೆ. ಅಪಾಯ ಅಡಗಿರುವುದು ಇಲ್ಲೇ.

2017ರ ಸೆಪ್ಟೆಂಬರ್‌ನಲ್ಲಿ ಸ್ಲೊವಾಕಿಯಾದ ರಾಷ್ಟ್ರೀಯ ಭದ್ರತಾ ಕಚೇರಿ ಈ ಉಗ್ರಾಣದಲ್ಲಿ ಹತ್ತು ನಕಲಿ ಪೊಟ್ಟಣಗಳನ್ನು ಪತ್ತೆಹಚ್ಚಿತು. ‘ಯುಆರ್‌ಎಲ್‌ಲಿಬ್3’ ಎಂಬ ಜನಪ್ರಿಯ ಲೈಬ್ರರಿಯ ಇಂಗ್ಲಿಷ್ ಹೆಸರಿನಲ್ಲಿ ‘ಎಲ್’ ಅಕ್ಷರ ಜೋಡಿಯಾಗಿ ಬರುತ್ತದೆ; ನಕಲಿಯಲ್ಲಿ ಒಂದೇ ಇತ್ತು. ಕೆಲಸದಲ್ಲಿ ಮಾತ್ರ ಅಸಲಿಗೂ ನಕಲಿಗೂ ವ್ಯತ್ಯಾಸವಿರಲಿಲ್ಲ. ಹಾಗಾಗಿ ಅನುಮಾನಕ್ಕೆ ಎಡೆಯೇ ಇಲ್ಲ! ಆದರೆ ಅನುಸ್ಥಾಪಿಸುವಾಗಲೇ ಬಳಕೆದಾರರ ಹೆಸರು, ಯಂತ್ರದ ಹೆಸರು ಹೊರಗಿನ ಸರ್ವರ್‌ಗೆ ರವಾನೆಯಾಗುತ್ತಿದ್ದವು. ಸುದ್ದಿ ತಿಳಿದೊಡನೆ ಉಗ್ರಾಣದವರು ಅವನ್ನು ತೆಗೆದುಹಾಕಿದರು. ಆ ಬಾರಿ ಹೋದದ್ದು ಅಷ್ಟೇ ಮಾಹಿತಿ. ಅದೇ ದಾರಿಯಲ್ಲಿ ಪಾಸ್‌ವರ್ಡ್ ಕೂಡ ಹೋಗಬಹುದಿತ್ತು.

ಆದ್ದರಿಂದ ವಿದ್ಯಾರ್ಥಿಗಳು ಹೆಸರನ್ನು ನೆನಪಿನಿಂದ ಬರೆಯದೆ, ಲೈಬ್ರರಿಯ ಅಧಿಕೃತ ಕೈಪಿಡಿ ನೋಡಿ ಅಕ್ಷರ ಅಕ್ಷರವಾಗಿ ಹೊಂದಿಸಿಕೊಳ್ಳಬೇಕು. ಬಳಸಿದ ಆವೃತ್ತಿ ಸಂಖ್ಯೆಯನ್ನು ಬರೆದಿಡಬೇಕು. ಹೆದರಿ ‘ಏನನ್ನೂ ಹಾಕಬೇಡ’ ಎಂದು ತಡೆಯುವುದು ಪಾಲಕರಿಗೂ ತರವಲ್ಲ. ‘ಹೆಸರು ಸರಿಯಿದೆಯೇ? ಬರೆದವರು ಯಾರು?’ ಎಂದು ಕೇಳಿದರೆ ಸಾಕು. ಮುಕ್ತ ತಂತ್ರಾಂಶ ಯಾರಿಗೂ ಬಾಗಿಲು ಮುಚ್ಚಿಲ್ಲ. ಒಳಗೆ ತರುವುದನ್ನು ನೋಡಿ ತರುವ ಜವಾಬ್ದಾರಿ ನಮ್ಮದು.