ಕಂಬಕ್ಕೆ ಮೂರು ಹಗ್ಗ

ಅಥಣಿ, ರಾಯಬಾಗಗಳ ಜಾತ್ರೆಯಲ್ಲಿ ನಾಟಕ ಕಂಪನಿಯ ಡೇರೆ ಏಳುವುದನ್ನು ಕಂಡ ವಾಚಕರಿಗೆ ಕಂಬದ ಗುಟ್ಟು ತಿಳಿದೇ ಇದೆ: ಅದನ್ನು ನಿಲ್ಲಿಸುವವು ಸುತ್ತಲಿನ ಹಗ್ಗ, ಗೂಟಗಳು. ರೇಡಿಯೋ ಕಂಬಕ್ಕೂ ಇದೇ ನ್ಯಾಯ. ಅದು 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನು ಆಲಿಸಲು ಮಾಳಿಗೆಯ ಮೇಲೆ ನೆಟ್ಟ ಬಿದಿರಾಗಲಿ, ನೂರು ಅಡಿಯ ಉಕ್ಕಿನ ಗೋಪುರವಾಗಲಿ.

ಗೋಪುರದಿಂದ ಮೂರು ದಿಕ್ಕಿಗೆ, 120 ಡಿಗ್ರಿ ಅಂತರದಲ್ಲಿ, ಉಕ್ಕಿನ ತಂತಿಗಳನ್ನು ಎಳೆಯುತ್ತಾರೆ. ನೂರು ಅಡಿಯ ಕಂಬಕ್ಕೆ ಗೂಟಗಳು ಬುಡದಿಂದ 60–80 ಅಡಿ ದೂರವಿದ್ದರೆ ಒಳ್ಳೆಯದು. ತೀರ ಹತ್ತಿರವಾದರೆ ತಂತಿಯು ಕಂಬವನ್ನು ಹಿಡಿಯುವುದಕ್ಕಿಂತ ಕೆಳಕ್ಕೆ ಅದುಮುವುದೇ ಹೆಚ್ಚು. ತಂತಿಯ ನಡುನಡುವೆ ಮೊಟ್ಟೆಯಾಕಾರದ ಪಿಂಗಾಣಿ ತುಂಡುಗಳಿರುತ್ತವೆ. ರೇಡಿಯೋ ವಿದ್ಯುತ್ತನ್ನು ತಡೆಯುವುದು ಅವುಗಳ ಕೆಲಸ. ಪಿಂಗಾಣಿ ಒಡೆದರೂ ತಂತಿಯ ಎರಡು ಕುಣಿಕೆಗಳು ಒಂದರೊಳಗೊಂದು ಸಿಕ್ಕಿಕೊಂಡು ಕಂಬವನ್ನು ಉಳಿಸುತ್ತವೆ. ಈ ಜಾಣ್ಮೆ ನಿಜಕ್ಕೂ ಮೆಚ್ಚತಕ್ಕದ್ದು!

ಹಳೆಯ ತಂತಿಯನ್ನು ಬದಲಿಸುವ ಗಳಿಗೆಯೇ ಗಂಡಾಂತರದ್ದು. ಪೋಲೆಂಡಿನಲ್ಲಿ 1974ರಲ್ಲಿ ಎದ್ದ 646 ಮೀಟರ್ ಎತ್ತರದ ರೇಡಿಯೋ ಕಂಬ ಅಂದು ಜಗತ್ತಿಗೇ ಹಿರಿದಾಗಿತ್ತು. 1991ರ ಆಗಸ್ಟ್ 8ರಂದು, ತಂತಿ ಬದಲಿಸುತ್ತಿದ್ದಾಗಲೇ, ಅದು ಮುರಿದು ಬಿದ್ದಿತು. ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ.

ನಮ್ಮ ಸೀಮೆಯಲ್ಲಿ ಮತ್ತೊಂದು ಶತ್ರುವುಂಟು, ಅದು ನೆಲವೇ. ಕಾಗವಾಡದಿಂದ ಚಿಕ್ಕೋಡಿಯವರೆಗೆ ಕೃಷ್ಣೆಯ ಆಸುಪಾಸಿನ ಎರೆಭೂಮಿ ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರೊಡನೆ ಗೂಟವೂ ಜರುಗಿ ಒಂದು ತಂತಿ ಸಡಿಲಾಗುತ್ತದೆ, ಇನ್ನೊಂದು ಬಿಗಿಯುತ್ತದೆ. ಆದುದರಿಂದ ಕಾಂಕ್ರೀಟಿನ ಗೂಟವನ್ನು ಬಿರುಕು ಮುಟ್ಟದ ಆಳಕ್ಕೆ ಇಳಿಸಬೇಕು; ಮೇ ತಿಂಗಳ ಗಾಳಿಮಳೆಗೆ ಮುನ್ನ ಒಮ್ಮೆ, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಮೂರೂ ತಂತಿಗಳ ಬಿಗಿಯನ್ನು ನೋಡಬೇಕು.