ಎರಡೂವರೆ ಕೋಟಿಯ ರೈಡರ್, ಬೆಂಚಿನ ಮೇಲಿನ ಎಂಟನೆಯವನು

ಪ್ರೊ ಕಬಡ್ಡಿ ಹರಾಜಿನ ದಿನ ಉಡುಪಿಯ ಕಡಿಯಾಳಿಯಲ್ಲಿ ಸಂಜೆಯ ಚಹಾ ಬೇಗ ಮುಗಿಯುವುದಿಲ್ಲ. ಮಹಿಷಮರ್ದಿನಿ ದೇವಸ್ಥಾನದ ಆಸುಪಾಸಿನ ಹೋಟೆಲಿನಲ್ಲಿ ನಾಲ್ಕು ಜನ ಒಂದೇ ಮೊಬೈಲಿನ ಮೇಲೆ ಬಾಗಿರುತ್ತಾರೆ, ತಟ್ಟೆಯ ಗೋಳಿಬಜೆ ತಣ್ಣಗಾಗಿರುತ್ತದೆ. "ಅವನನ್ನು ಬಿಟ್ಟದ್ದೇ ತಪ್ಪು ಮಾರಾಯ" ಎಂದು ಒಬ್ಬ. "ಇವನು ಬಂದನಲ್ಲ, ಇನ್ನೆಂಥ ಹೆದರಿಕೆ?" ಎಂದು ಇನ್ನೊಬ್ಬ. ಬಿಲ್ಲು ಕೊಟ್ಟು ಹೊರಗೆ ಬಂದರೂ ಮಾತು ನಿಲ್ಲುವುದಿಲ್ಲ. ಮಣಿಪಾಲದ ಬಸ್ಸು ಬಂದು ಹೋಗುತ್ತದೆ, ಅದರ ಹಿಂದಿನ ಬಸ್ಸೂ ಹೋಗುತ್ತದೆ.

ಈ ಮಾತಿಗೆ ಇಲ್ಲಿ ಬೇರು ಇದೆ. ಕಬಡ್ಡಿ ಕರಾವಳಿಗೆ ಟಿ.ವಿ.ಯಿಂದ ಬಂದ ಆಟವಲ್ಲ. ಭಾರತ ಮಹಿಳಾ ತಂಡದ ನಾಯಕಿಯಾಗಿದ್ದ ಮಮತಾ ಪೂಜಾರಿ ಕಾರ್ಕಳ ತಾಲೂಕಿನ ಹೆರ್ಮುಂಡೆಯವರು. ಪ್ರೊ ಕಬಡ್ಡಿಯಲ್ಲಿ ತಂಡ ಮುನ್ನಡೆಸಿದ ಸುಕೇಶ್ ಹೆಗ್ಡೆ ಕಾರ್ಕಳದವರು, ಪ್ರಶಾಂತ್ ಕುಮಾರ್ ರೈ ಪುತ್ತೂರಿನವರು. ಆಟ ಗೊತ್ತಿರುವ ಊರಿನಲ್ಲೇ ಕೆಲವು ನಂಬಿಕೆಗಳು ಅಂಕಪಟ್ಟಿಯನ್ನು ನೋಡದೆ ಬೇರೂರಿರುವುದು ಬೇಸರದ ಸಂಗತಿ. ಅವುಗಳಲ್ಲಿ ದೊಡ್ಡದು ಒಂದು: ಹರಾಜಿನಲ್ಲಿ ಅತಿ ಹೆಚ್ಚು ದುಡ್ಡು ಕೊಟ್ಟು ತಂದವನು ಕಪ್ಪನ್ನೂ ತರುತ್ತಾನೆ.

ಲೆಕ್ಕ ಬೇರೆಯೇ ಇದೆ. 2018ರಲ್ಲಿ ಹರಿಯಾಣ ಸ್ಟೀಲರ್ಸ್ 1.51 ಕೋಟಿ ರೂಪಾಯಿಗೆ ಮೋನು ಗೋಯತ್ ಅವರನ್ನು ಕೊಂಡಿತು. ಅಲ್ಲಿಯವರೆಗಿನ ದಾಖಲೆ ಬೆಲೆ ಅದು. ಆ ವರ್ಷ ಹರಿಯಾಣ ತನ್ನ ವಲಯದಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. 2019ರಲ್ಲಿ ತೆಲುಗು ಟೈಟನ್ಸ್ 1.45 ಕೋಟಿಗೆ ಸಿದ್ಧಾರ್ಥ್ ದೇಸಾಯಿ ಅವರನ್ನು ತಂದಿತು, 12 ತಂಡಗಳಲ್ಲಿ 11ನೆಯದಾಯಿತು. 2023ರ ಹರಾಜಿನಲ್ಲಿ ಅದೇ ಟೈಟನ್ಸ್ ಪವನ್ ಸೆಹ್ರಾವತ್ ಅವರಿಗೆ 2.605 ಕೋಟಿ ಸುರಿಯಿತು. ಆ ಋತುವಿನಲ್ಲಿ ಆಡಿದ 22 ಲೀಗ್ ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು.

ಪವನ್ ಕೆಟ್ಟದಾಗಿ ಆಡಿದರೇ? ಇಲ್ಲ. ತಂಡದಲ್ಲಿ ಅಂಕ ತಂದವರೇ ಅವರು. ತೊಂದರೆ ಇದ್ದದ್ದು ಥೈಲಿಯಲ್ಲಿ. ಆ ವರ್ಷ ಒಂದೊಂದು ತಂಡಕ್ಕೆ ಆಟಗಾರರಿಗಾಗಿ ಖರ್ಚು ಮಾಡಲು ಇದ್ದ ಮಿತಿ 5 ಕೋಟಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬರಿಗೇ ಹೋಯಿತು. ತಂಡದಲ್ಲಿ ಕನಿಷ್ಠ 18 ಮಂದಿ ಇರಬೇಕು. ಉಳಿದ 17 ಮಂದಿಯನ್ನು ಮಿಕ್ಕ ದುಡ್ಡಿನಲ್ಲಿ ಹೊಂದಿಸಬೇಕಾದರೆ ಎಡ ಕಾರ್ನರ್‌ಗೋ ಎರಡನೇ ರೈಡರ್‌ಗೋ ಕತ್ತರಿ ಬೀಳಲೇಬೇಕು.

ಕಬಡ್ಡಿಯಲ್ಲಿ ಈ ಕೊರತೆ ಬೇರೆ ಆಟಗಳಿಗಿಂತ ಹೆಚ್ಚು ನೋಯಿಸುತ್ತದೆ. ಕ್ರಿಕೆಟಿನಲ್ಲಿ ಒಳ್ಳೆಯ ಬ್ಯಾಟರ್ ಔಟಾದರೆ ಆ ಇನಿಂಗ್ಸ್ ಮಟ್ಟಿಗೆ ಮುಗಿಯಿತು. ಫುಟ್‌ಬಾಲಿನಲ್ಲಿ ತಾರಾ ಆಟಗಾರ 90 ನಿಮಿಷವೂ ಮೈದಾನದಲ್ಲೇ ಇರುತ್ತಾನೆ. ಕಬಡ್ಡಿಯಲ್ಲಿ ಹಾಗಲ್ಲ. ತಂಡದ ದೊಡ್ಡ ರೈಡರ್ ಸಿಕ್ಕಿಬಿದ್ದ ಕೂಡಲೇ ಹೊರಗೆ ಕೂರಬೇಕು, ತನ್ನ ತಂಡ ಎದುರಾಳಿಯನ್ನು ಔಟ್ ಮಾಡಿದಾಗ ಸರದಿಯ ಪ್ರಕಾರ ಒಳಗೆ ಬರಬೇಕು. ಒಂದು ರೈಡಿಗೆ 30 ಸೆಕೆಂಡು. 40 ನಿಮಿಷದ ಆಟದಲ್ಲಿ ತಂಡಕ್ಕೆ ಸುಮಾರು 40 ರೈಡುಗಳು. ಅವುಗಳಲ್ಲಿ ದೊಡ್ಡ ಹೆಸರಿನವನು ಅರ್ಧ ಮಾಡಿದರೂ ಇನ್ನರ್ಧ ಬೇರೆಯವರದ್ದು. ಅವನು ಗೆರೆಯಾಚೆ ಕೂತಿರುವಾಗ ಎರಡು ಖಾಲಿ ರೈಡು ಕಳೆದು ಮೂರನೆಯದಕ್ಕೆ, ಅಂದರೆ 'ಡೂ ಆರ್ ಡೈ'ಗೆ, ಯಾರು ಹೋಗಬೇಕು? ಆ ರೈಡಿನಲ್ಲಿ ಅಂಕ ತರದಿದ್ದರೆ ಹೋದವನೂ ಔಟ್. ಹೊರಗೆ ಕೂತ ದೊಡ್ಡ ರೈಡರ್‌ನನ್ನು ಮರಳಿ ಒಳಗೆ ಕರೆಸುವುದು ಎರಡನೆಯ, ಮೂರನೆಯ ರೈಡರ್‌ಗಳು ಮತ್ತು ಹಿಡಿಯುವವರು.

ಇದಕ್ಕೆ ಪವನ್ ಅವರದೇ ಇನ್ನೊಂದು ವರ್ಷ ಕಣ್ಣಿಗೆ ಕಟ್ಟುವ ಸಾಕ್ಷಿ. 2022ರಲ್ಲಿ ತಮಿಳ್ ತಲೈವಾಸ್ ತಂಡ ಅವರನ್ನು 2.26 ಕೋಟಿಗೆ ಕೊಂಡಿತ್ತು. ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಗುಜರಾತ್ ವಿರುದ್ಧದ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಬಿತ್ತು. ಅವರನ್ನು ಎತ್ತಿಕೊಂಡೇ ಹೊರಗೆ ತರಬೇಕಾಯಿತು. ಆ ಋತುವಿನಲ್ಲಿ ಅವರು ಮತ್ತೆ ಆಡಲಿಲ್ಲ. ತಲೈವಾಸ್ ಕಥೆ ಮುಗಿಯಿತೆಂದು ಆ ರಾತ್ರಿ ಹೇಳದವರಿಲ್ಲ. ಆದರೆ ಮೊದಲ ಬಾರಿಗೆ ಪ್ರೊ ಕಬಡ್ಡಿಗೆ ಕಾಲಿಟ್ಟ ನರೇಂದರ್ ಕಂಡೋಲಾ ಆ ವರ್ಷ 243 ರೈಡ್ ಅಂಕ ತಂದರು. ಅಜಿಂಕ್ಯ ಪವಾರ್ ಜೊತೆಗೆ ನಿಂತರು. ತಲೈವಾಸ್ ತನ್ನ ಇತಿಹಾಸದಲ್ಲೇ ಮೊದಲ ಸಲ ಸೆಮಿಫೈನಲ್ ಆಡಿತು. ಅತಿ ದುಬಾರಿ ಆಟಗಾರ ಒಂದೇ ಪಂದ್ಯದಲ್ಲಿ ಕಾಣಿಸಿಕೊಂಡ ವರ್ಷವೇ ಆ ತಂಡ ಅಲ್ಲಿಯವರೆಗೆ ಕಂಡ ಒಳ್ಳೆಯ ವರ್ಷವಾಯಿತು.

ಕಾರ್ಕಳದವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ, ಅದನ್ನು ಇಲ್ಲಿ ನೆನೆಯುವವರು ಕಡಿಮೆ. ಸುಕೇಶ್ ಹೆಗ್ಡೆ ಮೊದಲು ತೆಲುಗು ಟೈಟನ್ಸ್‌ನಲ್ಲಿದ್ದರು. 2017ರಲ್ಲಿ ಹೊಸದಾಗಿ ಬಂದ ಗುಜರಾತ್ ತಂಡದ ನಾಯಕರಾಗಿ ಅದನ್ನು ಫೈನಲ್‌ಗೆ ಕರೆದೊಯ್ದರು. ಮರುವರ್ಷ ತಮಿಳ್ ತಲೈವಾಸ್, ಅದರ ಮರುವರ್ಷ ಬೆಂಗಾಲ್ ವಾರಿಯರ್ಸ್. "ಒಂದು ಕಡೆ ನಿಲ್ಲಲಿಲ್ಲ, ಹಾಗಾಗಿ ಮೇಲೆ ಬರಲಿಲ್ಲ" ಎಂಬ ಮಾತು ಕೇಳಿಬರುತ್ತದೆ. 2019ರ ಅಕ್ಟೋಬರ್ 19ರ ಅಹಮದಾಬಾದ್ ಫೈನಲ್ ನೋಡಿದವರು ಹಾಗೆ ಹೇಳಲಾರರು. ಬೆಂಗಾಲ್‌ನ ನಾಯಕ, ಅದರ ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯದಿಂದಾಗಿ ಆ ಪಂದ್ಯಕ್ಕೆ ಇರಲಿಲ್ಲ. ಎದುರಿಗೆ ನವೀನ್ ಕುಮಾರ್ ಇದ್ದ ದಬಂಗ್ ಡೆಲ್ಲಿ. ಶುರುವಿನಲ್ಲಿ ಡೆಲ್ಲಿ ಮುಂದೆ ಓಡಿತು, ಮೊದಲಾರ್ಧ ಮುಗಿಯುವಾಗ 17–17. ಇರಾನಿನ ಮೊಹಮ್ಮದ್ ನಬಿಬಕ್ಷ್ 10 ಅಂಕ ತಂದರು, ಸುಕೇಶ್ 8. ಬೆಂಗಾಲ್ 39–34ರಿಂದ ಗೆದ್ದು ಮೊದಲ ಸಲ ಕಪ್ ಎತ್ತಿತು. ಆ ತಂಡವನ್ನು ಕಟ್ಟಿದ ತರಬೇತುದಾರರು ನಮ್ಮ ರಾಜ್ಯದವರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್. ಋತುವಿಡೀ ಪೋಸ್ಟರಿನಲ್ಲಿ ದೊಡ್ಡದಾಗಿ ಕಾಣದ ಹೆಸರು ಫೈನಲ್ ದಿನ ತಂಡದ ಬೆನ್ನೆಲುಬಾಯಿತು.

"ಒಬ್ಬ ಹೋದರೆ ತಂಡ ಮುಳುಗಿತು" ಎಂಬುದು ಮೊದಲ ನಂಬಿಕೆಯ ಇನ್ನೊಂದು ಮಗ್ಗುಲು. ಪಟ್ನಾ ಪೈರೇಟ್ಸ್‌ಗೆ ಸತತ ಮೂರು ಕಪ್ ತಂದುಕೊಟ್ಟವರು ಪರ್ದೀಪ್ ನರ್ವಾಲ್. 2017ರ ಒಂದೇ ಋತುವಿನಲ್ಲಿ ಅವರು ಗಳಿಸಿದ ರೈಡ್ ಅಂಕ 369. ಅಂಥವರು 2021ರ ಹರಾಜಿನಲ್ಲಿ 1.65 ಕೋಟಿಗೆ ಯು.ಪಿ. ಯೋಧಾ ಪಾಲಾದರು. ಪಟ್ನಾ ಏನಾಯಿತು? ಪುತ್ತೂರಿನ ಪ್ರಶಾಂತ್ ಕುಮಾರ್ ರೈ ನಾಯಕತ್ವದಲ್ಲಿ ಲೀಗ್ ಪಟ್ಟಿಯ ತುತ್ತತುದಿಗೆ ಏರಿತು. ರೈಡಿನ ಭಾರವನ್ನು ಸಚಿನ್, ಗುಮಾನ್ ಸಿಂಗ್, ಮೋನು ಗೋಯತ್, ಪ್ರಶಾಂತ್ ಹಂಚಿಕೊಂಡರು. ಹಿಂದೆ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಗೋಡೆಯಂತೆ ನಿಂತರು. ಸೆಮಿಫೈನಲ್‌ನಲ್ಲಿ ಪರ್ದೀಪ್ ಇದ್ದ ಯು.ಪಿ.ಯನ್ನೇ ಸೋಲಿಸಿ ಫೈನಲ್ ಮುಟ್ಟಿತು, ಅಲ್ಲಿ ಡೆಲ್ಲಿಗೆ ಒಂದೇ ಒಂದು ಅಂಕದಿಂದ ಸೋತಿತು: 37–36. ಹಿಂದೆ ದಾಖಲೆ ಬೆಲೆಗೆ ಹೋಗಿ ಹರಿಯಾಣದಲ್ಲಿ ಕೊನೆಯ ಸ್ಥಾನ ಕಂಡಿದ್ದ ಮೋನು ಗೋಯತ್, ನಾಲ್ವರಲ್ಲಿ ಒಬ್ಬರಾಗಿ ಆಡಿದಾಗ ಫೈನಲ್ ಕಂಡರು.

ಬೆಂಚಿನಲ್ಲಿ ಕೂತವನು ಕೈಲಾಗದವನು ಎಂಬ ತೀರ್ಮಾನವೂ ಅಷ್ಟೇ ಅವಸರದ್ದು. 2017ರಲ್ಲಿ ಸುಕೇಶ್ ನಾಯಕರಾಗಿದ್ದ ಗುಜರಾತ್ ತಂಡದಲ್ಲಿ ಒಬ್ಬ ರೈಡರ್‌ಗೆ ಆಡುವ ಅವಕಾಶ ಸಿಕ್ಕಿದ್ದೇ ಕಡಿಮೆ. ಅವರೇ ಪವನ್ ಸೆಹ್ರಾವತ್. ಮರುವರ್ಷ ಬೆಂಗಳೂರು ಬುಲ್ಸ್‌ಗೆ ಬಂದರು. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಅದೇ ಗುಜರಾತ್ ವಿರುದ್ಧ ಒಬ್ಬರೇ 22 ಅಂಕ ಹೊಡೆದರು. ಬುಲ್ಸ್ 38–33ರಿಂದ ಗೆದ್ದಿತು. ಬೆಂಗಳೂರಿಗೆ ಬಂದ ಒಂದೇ ಕಪ್ ಅದು.

ಇನ್ನು ಹೊಸಬರು ಬಂದು ಸೇರಿದ ದಿನವೇ ತಂಡ ಬಲವಾಯಿತೆಂದು ಎಣಿಸುವವರು ನಮ್ಮೂರ ಪಂದ್ಯಾಟವನ್ನೇ ಹತ್ತಿರದಿಂದ ನೋಡಬೇಕು. ಮಳೆ ನಿಂತು ನೆಲ ಒಣಗಿದ ಮೇಲೆ ಉಡುಪಿ, ಕಾಪು, ಕಾರ್ಕಳದ ಶಾಲಾ ಮೈದಾನಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಶುರುವಾಗುತ್ತದೆ. ಬಹುಮಾನ ದೊಡ್ಡದಿದ್ದರೆ ಊರಿನ ತಂಡಕ್ಕೆ ಹೊರಗಿನಿಂದ ಅತಿಥಿ ಆಟಗಾರರು ಬರುತ್ತಾರೆ. ಮೈಕಿನಲ್ಲಿ ಅವರ ಹೆಸರು ಹೇಳಿದಾಗ ಕೂಗಾಟ ಜೋರಾಗುತ್ತದೆ. ಆಟ ಶುರುವಾಗಿ ಎದುರು ತಂಡದ ರೈಡರ್ ಬಲಕ್ಕೆ ಹೋದಂತೆ ಮಾಡಿ ಎಡಕ್ಕೆ ತಿರುಗುತ್ತಾನೆ. ಎಡ ಕಾರ್ನರ್‌ನಲ್ಲಿ ನಿಂತ ಊರಿನ ಹುಡುಗ ಕಾಲಿಗೆ ಬೀಳುತ್ತಾನೆ, ಹಿಮ್ಮಡಿ ಕೈಗೆ ಸಿಕ್ಕಿರುತ್ತದೆ. ಆ ಕ್ಷಣಕ್ಕೇ ಕವರ್‌ನಲ್ಲಿದ್ದವನು ಬಂದು ಸೊಂಟಕ್ಕೆ ಗುದ್ದಿ ಗೆರೆಯಾಚೆ ತಳ್ಳಬೇಕು. ಕವರ್‌ನಲ್ಲಿರುವುದು ಅಂದು ಸಂಜೆ ಕಾರಿನಿಂದ ಇಳಿದ ಅತಿಥಿ. ಕಾರ್ನರ್‌ನವನು ಯಾವಾಗ ಬೀಳುತ್ತಾನೆಂದು ಅವನಿಗೆ ಗೊತ್ತಿಲ್ಲ. ಅವನು ಅರ್ಧ ಹೆಜ್ಜೆ ತಡ ಮಾಡುತ್ತಾನೆ. ರೈಡರ್ ಕಾಲಿಗೆ ಅಂಟಿಕೊಂಡವನನ್ನು ಎಳೆದುಕೊಂಡೇ ನಡುಗೆರೆಗೆ ಕೈ ಮುಟ್ಟಿಸುತ್ತಾನೆ. ಗ್ಯಾಲರಿಯವರು ಕಾರ್ನರ್‌ನ ಹುಡುಗನನ್ನು ಬೈಯುತ್ತಾರೆ. ಹುಡುಗನದ್ದು ತಪ್ಪಿಲ್ಲ. ಕಾರ್ನರ್ ಮತ್ತು ಕವರ್ ನಡುವಿನ ಆ ಅರ್ಧ ಹೆಜ್ಜೆ ಸರಿಹೋಗಲು ತಿಂಗಳುಗಟ್ಟಲೆ ಒಟ್ಟಿಗೆ ಮಣ್ಣು ಮುಕ್ಕಬೇಕು.

ಹಣ ಬಂದ ಮೇಲೆ ನಿಷ್ಠೆ ಹೋಯಿತು ಎಂಬ ದೂರನ್ನು ಮಾತ್ರ ಸಾರಾಸಗಟಾಗಿ ತಳ್ಳಿಹಾಕಬೇಕು. ಹರಾಜಿನಲ್ಲಿ ಆಟಗಾರ ತಂಡವನ್ನು ಆರಿಸುವುದಿಲ್ಲ. ತಂಡ ಅವನನ್ನು ಉಳಿಸಿಕೊಳ್ಳದಿದ್ದರೆ ಹೆಸರು ಪಟ್ಟಿಗೆ ಹೋಗುತ್ತದೆ, ಯಾರ ಕೂಗು ಮೇಲೋ ಅವನು ಅವರ ಪಾಲು. ಕಡಿಮೆ ದರ್ಜೆಯ ಆಟಗಾರರ ಮೂಲಬೆಲೆ 2023ರಲ್ಲಿ 9 ಲಕ್ಷ ಇತ್ತು, ಕೋಟಿಯ ಸುದ್ದಿಯಲ್ಲಿ ಅವರ ಹೆಸರು ಬರುವುದೇ ಇಲ್ಲ. ಊರು ಬಿಟ್ಟು ಬೇರೆ ತಂಡಕ್ಕೆ ಹೋಗುವುದೂ 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಹುಟ್ಟಿದ್ದಲ್ಲ. ಅದಕ್ಕೂ ಮುಂಚೆ ಆಟಗಾರರು ಹೊಟ್ಟೆಪಾಡಿಗಾಗಿ ರೈಲ್ವೆಗೆ, ಸೇನೆಗೆ, ಬ್ಯಾಂಕಿಗೆ ಹೋದರು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿಗೆ ತನ್ನದೇ ಕಬಡ್ಡಿ ತಂಡವಿತ್ತು. ಮಮತಾ ಪೂಜಾರಿ ಕೆಲಸಕ್ಕೆ ಸೇರಿದ್ದು ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಯಲ್ಲಿ. ಅಲ್ಲಿದ್ದುಕೊಂಡೇ 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು. ಹೆರ್ಮುಂಡೆಯ ಹೆಸರು ಅದರಿಂದ ಸಣ್ಣದಾಯಿತೇ? ಕಾಲೇಜು ತಂಡಗಳ ಮಾತೂ ಇದೇ. ಕ್ರೀಡೆಯಲ್ಲಿ ಮುಂದಿರುವವರಿಗೆ ಮೂಡುಬಿದಿರೆಯ ಆಳ್ವಾಸ್ ಉಚಿತ ಶಿಕ್ಷಣ ಕೊಡುತ್ತದೆ. ದೂರದ ಜಿಲ್ಲೆಯಿಂದ ಬಂದು ಅಲ್ಲೇ ಉಂಡು, ಅಲ್ಲೇ ಓದಿ, ಅಲ್ಲೇ ಬೆವರು ಸುರಿಸಿದವನನ್ನು 'ಹೊರಗಿನವ' ಎನ್ನುವುದು ನ್ಯಾಯವಲ್ಲ.

ಇಷ್ಟು ಕೇಳಿದ ಮೇಲೆ ಕೆಲವರು ಎದುರು ತುದಿಗೆ ಜಿಗಿಯುತ್ತಾರೆ: ಹಾಗಾದರೆ ದುಬಾರಿ ಆಟಗಾರ ದಂಡವೇ! ಅದೂ ಸುಳ್ಳು. ಶಾದ್ಲೂಯಿ ಅವರಿಗೆ ಪುಣೇರಿ ಪಲ್ಟನ್ 2023ರಲ್ಲಿ 2.35 ಕೋಟಿ ಕೊಟ್ಟಿತು, ಕಪ್ ಗೆದ್ದಿತು. 2024ರಲ್ಲಿ ಹರಿಯಾಣ 2.07 ಕೋಟಿ ಕೊಟ್ಟಿತು, ಅದೂ ಕಪ್ ಗೆದ್ದಿತು. ವ್ಯತ್ಯಾಸ ಇರುವುದು ಅವರು ಕಾಲಿಟ್ಟ ಮನೆಯಲ್ಲಿ. ಪುಣೆಯಲ್ಲಿ ಅಸ್ಲಂ ಇನಾಮ್ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಆಗಲೇ ಒಟ್ಟಿಗೆ ಬೆಳೆದಿದ್ದರು. ಹರಿಯಾಣದಲ್ಲಿ ಜೈದೀಪ್, ರಾಹುಲ್ ಸೇತ್‌ಪಾಲ್, ವಿನಯ್, ಶಿವಂ ಪಟಾರೆ ಹಿಂದಿನ ವರ್ಷವೇ ತಂಡವನ್ನು ಫೈನಲ್ ಮುಟ್ಟಿಸಿದ್ದರು. ಆರು ಕಂಬ ನಿಂತಿದ್ದ ಕಡೆ ಏಳನೆಯದು ಬಂದು ಸೇರಿತು.

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲೂ ಇದೇ ವಾಗ್ವಾದ ಪ್ರತಿ ಬೇಸಿಗೆಯಲ್ಲಿ ಏಳುತ್ತದೆ. 2021ರಿಂದ ಅಲ್ಲಿನ ವಿದ್ಯಾರ್ಥಿ ಆಟಗಾರರು ಕಾಲೇಜು ಬದಲಿಸಿ ಒಂದು ವರ್ಷ ಕಾಯದೆ ಆಡಬಹುದು. 2025ರ ಚಾಂಪಿಯನ್ ಫ್ಲಾರಿಡಾ ತಂಡದ ಮುಖ್ಯ ಗಾರ್ಡ್‌ಗಳಾದ ವಾಲ್ಟರ್ ಕ್ಲೇಟನ್, ಅಲಿಜಾ ಮಾರ್ಟಿನ್, ವಿಲ್ ರಿಚರ್ಡ್ ಮೂವರೂ ಬೇರೆ ಕಾಲೇಜುಗಳಿಂದ ಬಂದವರೇ. ಆದರೆ ಆ ತಂಡದಲ್ಲಿ ಬೆಂಚಿನಿಂದ ಎದ್ದು ಬಂದು ಆಟದ ಗತಿ ಬದಲಿಸುತ್ತಿದ್ದ ಥಾಮಸ್ ಹಾ ಮೊದಲಿನಿಂದಲೂ ಅಲ್ಲೇ ಇದ್ದವರು.

ಬೆಂಗಳೂರು ಬುಲ್ಸ್ ಅಭಿಮಾನಿಗಳಿಗೆ ಈ ಪಾಠ ದುಬಾರಿಯಾಗಿಯೇ ಸಿಕ್ಕಿತು. 2024ರಲ್ಲಿ ಪರ್ದೀಪ್ ನರ್ವಾಲ್ ತಾವು ಪ್ರೊ ಕಬಡ್ಡಿ ಆಟ ಆರಂಭಿಸಿದ ಬೆಂಗಳೂರು ತಂಡಕ್ಕೆ ಮರಳಿದರು, ಒಂದು ಕೋಟಿಗೂ ಹೆಚ್ಚು ಬೆಲೆಗೆ ಅಜಿಂಕ್ಯ ಪವಾರ್ ಬಂದರು. ಹರಾಜಿನ ರಾತ್ರಿ ಕಡಿಯಾಳಿಯಲ್ಲೂ ಖುಷಿಯೋ ಖುಷಿ. ಋತು ಮುಗಿದಾಗ 22 ಪಂದ್ಯಗಳಲ್ಲಿ 2 ಗೆಲುವು, 12ನೇ ಸ್ಥಾನ. ಮರುವರ್ಷ ಬಿ.ಸಿ. ರಮೇಶ್ ತರಬೇತುದಾರರಾಗಿ ಬಂದರು, ತಂಡವನ್ನು ಬುಡದಿಂದ ಬದಲಿಸಿದರು. ಇಲ್ಲಿ ಹೆಚ್ಚು ಪರಿಚಯವಿಲ್ಲದ ಇರಾನಿನ ಅಲಿರೆಜಾ ಮಿರ್ಜಾಯಿಯಾನ್ ತಂಡದ ಮುಖ್ಯ ಅಂಕ ಗಳಿಕೆದಾರರಾದರು. 2025ರ ಲೀಗ್ ಹಂತದ ಕೊನೆಗೆ ಬುಲ್ಸ್ 3ನೇ ಸ್ಥಾನದಲ್ಲಿತ್ತು.

ಮುಂದಿನ ಹರಾಜಿನ ಪಟ್ಟಿ ಮೊಬೈಲಿಗೆ ಬಂದಾಗ, ಅಭಿಮಾನಿಗಳೇ, ಮೊದಲ ಹೆಸರಿನಲ್ಲೇ ನಿಂತುಬಿಡಬೇಡಿ. ಅಂಕಣಕ್ಕೆ ಇಳಿಯುವವರು ಏಳು ಮಂದಿ, ಬದಲಿಗೆ ಕೂರುವವರು ಐದು ಮಂದಿ. ಎಂಟನೆಯ ಹೆಸರು ಯಾರದ್ದು ನೋಡಿ. ಮುಖ್ಯ ರೈಡರ್ ಹೊರಗಿರುವಾಗ 'ಡೂ ಆರ್ ಡೈ'ಗೆ ಹೋಗುವವನು ಯಾರು, ಎಡ ಕಾರ್ನರ್ ಮತ್ತು ಅವನ ಪಕ್ಕದ ಕವರ್ ಎಷ್ಟು ದಿನದಿಂದ ಒಟ್ಟಿಗೆ ಆಡುತ್ತಿದ್ದಾರೆ ಎಂದು ಕೇಳಿ. ಆಮೇಲೆ ಕಪ್ಪಿನ ಮಾತು ಆಡೋಣ.